ನನ್ನ ಎಡಗೆನ್ನೆಗೆ ಮರುಳಾಗದ ಯಂತ್ರಕ್ಕೆ

ಮಾನ್ಯರೇ,

ದಂತ ಚಿಕಿತ್ಸಾಲಯದ ಒಳಗಿನ ಒಳಕೋಣೆಯಲ್ಲಿ, ದಪ್ಪ ಬಾಗಿಲಿನ ಹಿಂದೆ, ಬಿಳಿಯ ಮೈಯನ್ನು ಗೋಡೆಗೆ ಆನಿಸಿಕೊಂಡು ನಿಂತಿರುವ, ಬಂದವರ ತಲೆಯ ಸುತ್ತ ಒಂದೇ ಒಂದು ಸುತ್ತು ತಿರುಗಿ ಇಡೀ ಬಾಯಿಯ ಒಳಗುಟ್ಟನ್ನೆಲ್ಲ ಒಂದೇ ಚಿತ್ರದಲ್ಲಿ ಬಟಾಬಯಲು ಮಾಡುವ, ಕಣ್ಣಿಲ್ಲದಿದ್ದರೂ ಎಲ್ಲವನ್ನೂ ಕಾಣುವ, ಕಿವಿಯಿಲ್ಲದ್ದರಿಂದ ಯಾವುದನ್ನೂ ಕೇಳಿಸಿಕೊಳ್ಳದ, ಹೃದಯವಂತೂ ಇಲ್ಲವೇ ಇಲ್ಲದ ಎಕ್ಸ್‌-ರೇ ಯಂತ್ರ ಮಹಾಶಯರ ಪಾದಗಳಿಗೆ (ಆ ಪಾದಗಳನ್ನು ಬೋಲ್ಟು ಹಾಕಿ ನೆಲಕ್ಕೆ ಬಿಗಿದಿರುವುದನ್ನು ಕಣ್ಣಾರೆ ಕಂಡಿದ್ದೇನೆ) ನಾಟಕ ಕಂಪನಿಯೊಂದರ ಖಾಯಂ ಚಕ್ರವರ್ತಿಯಾದ ನಾನು ಕಿರೀಟ ಕಳಚಿ ಕಂಕುಳಲ್ಲಿಟ್ಟುಕೊಂಡು ಸಲ್ಲಿಸುವ ಅನಂತಾನಂತ ನಮಸ್ಕಾರಗಳು. ತಾವು ಕ್ಷೇಮವೆಂದು ಭಾವಿಸುತ್ತೇನೆ. ನಾನು ಕ್ಷೇಮವಿಲ್ಲ. ಅದಕ್ಕೆ ಕಾರಣ ತಾವೇ.

ಈ ಪತ್ರವನ್ನು ಅಂಟಿಸಿದ ಲಕೋಟೆಯಲ್ಲಿ ಗುಟ್ಟಾಗಿ ಕಳಿಸಬಹುದಿತ್ತು. ಆದರೆ ಪಿಸುಗುಟ್ಟುವುದು ನನ್ನ ಜಾಯಮಾನವಲ್ಲ. ಕಟ್ಟಕಡೆಯ ಸಾಲಿನಲ್ಲಿ ಕೂತು ನಿದ್ದೆ ಹೊಡೆಯುವವನ ಎದೆಯೂ ಝಲ್ಲೆನ್ನುವಂತೆ ಮಾತಾಡಬೇಕೆಂಬುದು ಹಾಲುಹಲ್ಲು ಬೀಳುವ ವಯಸ್ಸಿನಲ್ಲೇ ನನಗೆ ಆದ ಪಾಠ. ಊಟದ ಹೊತ್ತಿಗೆ ನಾನು ಉಪ್ಪು ಕೇಳಿದರೆ ಎದುರುಮನೆಯವರು ಉಪ್ಪಿನ ಡಬ್ಬಿ ಹಿಡಿದುಕೊಂಡು ಓಡಿಬಂದದ್ದುಂಟು. ಆದಕಾರಣ ಎದುರುಮನೆಯವರೂ ಸೇರಿದಂತೆ ಸಮಸ್ತರಿಗೂ ಕೇಳಲೆಂದು ಬಹಿರಂಗವಾಗಿಯೇ ಸಾರುತ್ತಿದ್ದೇನೆ: ಕಳೆದ ಶನಿವಾರ ಸಂಜೆ, ಕಿಕ್ಕಿರಿದ ಸಭಾಂಗಣದಲ್ಲಿ, ನಮ್ಮ ಹೊಸ ನಾಟಕದ ಕೊನೆಯ ದೃಶ್ಯದಲ್ಲಿ, ನನಗೆ ನ್ಯಾಯವಾಗಿ ಸಲ್ಲಬೇಕಾಗಿದ್ದ ಚಪ್ಪಾಳೆ ಸಲ್ಲಲಿಲ್ಲ. ಒಂದು ಕೈಯೂ ಇನ್ನೊಂದು ಕೈಗೆ ತಾಗಲಿಲ್ಲ. ಈ ಮಹಾನಷ್ಟಕ್ಕೆ ನೇರ ಹೊಣೆ ತಮ್ಮದು. ಹೇಗೆಂಬುದನ್ನು ಮೊದಲಿನಿಂದ ಅರಿಕೆ ಮಾಡಿಕೊಳ್ಳುತ್ತೇನೆ. ತಾವು ಎದ್ದು ಹೋಗುವ ಸ್ಥಿತಿಯಲ್ಲಿ ಇಲ್ಲವಾದ್ದರಿಂದ ಪೂರ್ತಿ ಕೇಳಿಸಿಕೊಳ್ಳುವಿರೆಂಬ ಧೈರ್ಯ ನನಗಿದೆ.

ಆ ನಾಟಕದಲ್ಲಿ ಒಬ್ಬ ಮುದಿ ರಾಜನಿದ್ದಾನೆ. ಎಂಥ ರಾಜ! ಮೊದಲ ಅಂಕದಲ್ಲಿ ಗುಡುಗುತ್ತಾನೆ, ಎರಡನೆಯದರಲ್ಲಿ ಸಿಡಿಯುತ್ತಾನೆ, ಮೂರನೆಯದರಲ್ಲಿ ಹೆತ್ತ ಮಗನನ್ನೇ ರಾಜ್ಯದಿಂದ ಹೊರದೂಡಿ ಅಟ್ಟಹಾಸ ಮಾಡುತ್ತಾನೆ. ಕೊನೆಯ ದೃಶ್ಯದಲ್ಲಿ ಮಗ ಸತ್ತ ಸುದ್ದಿ ಬರುತ್ತದೆ. ಈಗ ತಾವೇ ಹೇಳಿ, ಸ್ವಾಮಿ: ಇಂಥ ಹೊತ್ತಿನಲ್ಲಿ ರಾಜನಾದವನು ಏನು ಮಾಡಬೇಕು? ಸಿಂಹಾಸನದಿಂದ ಉರುಳಬೇಡವೇ? ಕಂಬಕ್ಕೆ ಹಣೆ ಚಚ್ಚಿಕೊಳ್ಳಬೇಡವೇ? ಆಕಾಶಕ್ಕೆ ಎರಡು ಪ್ರಶ್ನೆ, ಭೂಮಿಗೆ ಒಂದು ಪ್ರಶ್ನೆ ಕೇಳಿ ಎದೆ ಬಡಿದುಕೊಳ್ಳಬೇಡವೇ? ಬೇಡವಂತೆ! ನಾಟಕ ಆಡಿಸುತ್ತಿರುವವಳು ನನ್ನ ಅಕ್ಕನ ಮಗಳು. ಇದೇ ಹೆಗಲ ಮೇಲೆ ಕೂತು, ಇದೇ ಕಿವಿಗಳನ್ನು ಹಿಡಿದುಕೊಂಡು ನಾಟಕ ನೋಡಿ ಬೆಳೆದವಳು. ಅವಳ ಅಪ್ಪಣೆ ಹೀಗಿತ್ತು: “ಮಾವ, ನೀವಿಲ್ಲಿ ಏನೂ ಮಾಡ್ಬೇಡಿ. ಸುಮ್ನೆ ಕೂತಿರಿ. ಪರದೆ ಬೀಳೋವರೆಗೂ ಸುಮ್ನೆ, ಅಷ್ಟೇ.” ಸುಮ್ಮನೆ ಕೂರುವುದಕ್ಕೆ ಸಿಂಹಾಸನವೊಂದೇ ಸಾಕಲ್ಲ, ಅದರ ಮೇಲೆ ನಾನೇಕೆ ಎಂದು ಕೇಳಿದೆ. “ಅದನ್ನೇ ನಾನೂ ಯೋಚಿಸ್ತಿದೀನಿ” ಅಂದಳು.

ಪ್ರಯತ್ನ ಮಾಡಲಿಲ್ಲವೆನ್ನಬೇಡಿ. ಒಂದು ತಾಲೀಮಿನಲ್ಲಿ ತಡೆದುಕೊಂಡೇ ಇದ್ದೆ, ಕೊನೆಗೆ ಒಂದು ‘ಹಾ’ ತಾನಾಗಿ ಹೊರಬಿತ್ತು. ಮರುದಿನ ಬಾಯಿ ಬಿಗಿದುಕೊಂಡೆ, ಮುಷ್ಟಿ ಎದೆಗೆ ಬಡಿಯಿತು. ಮುಷ್ಟಿಯನ್ನು ತೊಡೆಯ ಕೆಳಗೆ ಅದುಮಿಟ್ಟುಕೊಂಡ ದಿನ ಕಿರೀಟವೇ ದುಃಖ ತಾಳಲಾರದೆ ಉರುಳಿ, ತಬಲದವರ ಮಡಿಲು ಸೇರಿತು. ಅಕ್ಕನ ಮಗಳು ಸೊಂಟದ ಮೇಲೆ ಕೈಯಿಟ್ಟು ಅಂತಿಮ ಶಾಸನ ಹೊರಡಿಸಿದಳು: “ಮಾವ, ಶನಿವಾರ ಕೊನೇ ಸೀನಲ್ಲಿ ಒಂದು ‘ಹಾ’ ಬಂದ್ರೂ ಮುಂದಿನ ಆಟದಿಂದ ರಾಜನ ಪಾರ್ಟು ಅವರಿಗೆ.” ಅವಳ ಬೆರಳು ತೋರಿದ್ದು ಯಾರನ್ನು? ಪಿಸುಮಾತನ್ನು!

ಪಿಸುಮಾತು ಎಂಬುದು ನಮ್ಮ ಕಂಪನಿಯ ಖಾಯಂ ಸೇನಾಪತಿಯ ಅಡ್ಡಹೆಸರು. ಆತ “ದಂಡೆತ್ತಿ ಹೊರಡಿ” ಎಂದರೆ ದಂಡಿಗೇ ಕೇಳಿಸುವುದಿಲ್ಲ. ನಾವಿಬ್ಬರೂ ಒಂದೇ ವರ್ಷ ಬಣ್ಣ ಹಚ್ಚಿದವರು, ಒಂದೇ ಕನ್ನಡಿಯ ಮುಂದೆ ಕೂರುವವರು. ಆದರೆ ಗದಾಯುದ್ಧದ ದೃಶ್ಯವೊಂದರಲ್ಲಿ ಆತನ ಮರದ ಗದೆ ಜಾರಿ ನನ್ನ ಮೂತಿಗೆ ಬಡಿದಂದಿನಿಂದ ನಮಗೆ ಮಾತಿಲ್ಲ. ನನ್ನ ಮುಂದಿನ ಎರಡು ಹಲ್ಲುಗಳ ನಡುವೆ ಕಡ್ಡಿಪೆಟ್ಟಿಗೆ ತೂರುವಂಥ ಸಂದಿರುವುದು ಆ ಏಟಿನಿಂದಲೇ ಎಂದು ಇಡೀ ಕಂಪನಿಗೆ ಗೊತ್ತು, ಏಕೆಂದರೆ ಹೇಳಿದವನು ನಾನು. ಅಂಥವನಿಗೆ ನನ್ನ ಸಿಂಹಾಸನ! ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ. ಅದರಲ್ಲೂ ಆ ಬೆಕ್ಕು ಮಿಯಾಂವ್ ಅಂದದ್ದೂ ಯಾರಿಗೂ ಕೇಳಿಸದು.

ಇಂಥ ರಾಜಕೀಯ ಬಿಕ್ಕಟ್ಟಿನ ನಡುವೆ ಹಲ್ಲುನೋವು ರಂಗಪ್ರವೇಶ ಮಾಡಿತು. ಬಿಸಿ ಕಾಫಿ ಕುಡಿದರೆ ಮಿಂಚು, ತಣ್ಣೀರು ಕುಡಿದರೆ ಸಿಡಿಲು, ಏನೂ ಕುಡಿಯದಿದ್ದರೆ ಒಳಗೊಳಗೇ ನಗಾರಿ. ಮಾತಿನ ನಡುವೆ ನೋವು ಚುಳ್ಳೆಂದಾಗ ರಾಜನ ಶಾಪವೂ ನನ್ನ ಸ್ವಂತ ಶಾಪವೂ ಕಲಸಿಹೋಗಿ, ನಾಟಕದಲ್ಲಿ ಇಲ್ಲದ ಬೈಗುಳಗಳು ಎದುರು ಪಾತ್ರದವರ ಪಾಲಾಗತೊಡಗಿದವು. ಕೊನೆಗೆ ಮನೆಯಾಕೆ ನನ್ನನ್ನು ಚಿಕಿತ್ಸಾಲಯಕ್ಕೆ ಹೊರಡಿಸಿಕೊಂಡು ಬಂದಳು. ಆಕೆ ನಮ್ಮ ಕಂಪನಿಯ ಪ್ರಾಂಪ್ಟರ್. ಹಿಂದಿನ ಪರದೆಯ ಸೀಳಿನಲ್ಲಿ ನಿಂತು, ಮರೆತ ಮಾತನ್ನು ನಮಗೆ ಎತ್ತಿಕೊಡುವವಳು. ಮನೆಯಲ್ಲೂ ಅದೇ ಕೆಲಸ, ಆದರೆ ಅಲ್ಲಿ ನಾನು ಮರೆಯದ ಮಾತನ್ನೂ ಎತ್ತಿಕೊಡುತ್ತಾಳೆ.

ಇಲ್ಲೊಂದು ರಂಗರಹಸ್ಯವನ್ನು ತಮಗೆ ತಿಳಿಸಬೇಕು. ನಮ್ಮ ಕಂಪನಿಯಲ್ಲಿ ಸಿಂಹಾಸನದ ಜಾಗ ಎಂದೆಂದೂ ಒಂದೇ. ಅಲ್ಲಿ ಕೂತ ರಾಜನ ಎಡಗೆನ್ನೆ ಪ್ರೇಕ್ಷಕರಿಗೆ, ಬಲಗೆನ್ನೆ ಹಿಂದಿನ ಪರದೆಗೆ. “ನೋವು ಎಲ್ಲಾದರೂ ಇರಲಿ, ಕೈ ಎಡಗೆನ್ನೆಗೆ ಹೋಗಲಿ, ಜನಕ್ಕೆ ಕಾಣದ ನೋವು ನೋವೇ ಅಲ್ಲ” ಎಂದು ನನಗೆ ಬಣ್ಣ ಹಚ್ಚಲು ಕಲಿಸಿದ ಹಿರಿಯರು ಹೇಳಿಕೊಟ್ಟಿದ್ದರು. ಬಲತೊಡೆಗೆ ಬಾಣ ನಾಟಿದಾಗಲೂ ನಾನು ಹಿಡಿದುಕೊಂಡದ್ದು ಎಡಗೆನ್ನೆಯನ್ನೇ. ಹೀಗಿರುವಾಗ ಡಾಕ್ಟರಮ್ಮನವರು ನನ್ನನ್ನು ಆ ಮಲಗುವ ಕುರ್ಚಿಯಲ್ಲಿ ಕೂರಿಸಿ “ಎಲ್ಲಿ ನೋವು?” ಎಂದು ಕೇಳಿದರೆ ಏನಾಗಬೇಕೋ ಅದೇ ಆಯಿತು. ಅಂಗೈ ನಿಧಾನವಾಗಿ ಮೇಲೆದ್ದಿತು, ಎಡಗೆನ್ನೆಯನ್ನು ಹೂವಿನಂತೆ ಹಿಡಿಯಿತು, ಕತ್ತು ವಾಲಿತು, ರೆಪ್ಪೆ ಮುಚ್ಚಿತು, ಎದೆಯ ಆಳದಿಂದ ಒಂದು ನಿಟ್ಟುಸಿರು ಎದ್ದು ಮೇಜಿನ ಮೇಲಿದ್ದ ಹತ್ತಿಯುಂಡೆಗಳನ್ನು ಹಾರಿಸಿಕೊಂಡು ಹೋಯಿತು. ನನ್ನ ನೋವು ಬಲಗಡೆ ಇದ್ದೀತೆಂದು ನನಗೇ ಹೊಳೆಯಲಿಲ್ಲವೆಂದರೆ ನಂಬಿ, ಮಾನ್ಯರೇ. ಅಷ್ಟು ಒಳ್ಳೆಯ ಅಭಿನಯವನ್ನು ಅಷ್ಟು ಹತ್ತಿರದಿಂದ ನೋಡಿದವನು ನಾನೊಬ್ಬನೇ. ಮೊದಲು ಮರುಳಾದವನೂ ನಾನೇ.

ಡಾಕ್ಟರಮ್ಮ ಸಹನಾಮೂರ್ತಿ. ಪುಟ್ಟ ಕನ್ನಡಿಯ ಹಿಡಿಯಿಂದ ಎಡಗಡೆಯ ಹಲ್ಲುಗಳನ್ನು ಒಂದೊಂದಾಗಿ ತಟ್ಟಿದರು. ಮೊದಲ ಹಲ್ಲಿಗೆ ‘ಹಾ’ ಎಂದೆ. ಎರಡನೆಯದಕ್ಕೂ ಅಷ್ಟೇ ಅಂದರೆ ದೃಶ್ಯ ಬೆಳೆಯುವುದು ಹೇಗೆ? ‘ಹಾ ವಿಧಿಯೇ’ ಎಂದೆ. ಮುಂದಿನದಕ್ಕೆ ಇನ್ನೂ ಏರಿದೆ. ಅವರು ಸುಮ್ಮನೆ ಪಕ್ಕದ ಸ್ಟೀಲ್ ತಟ್ಟೆಯನ್ನು ಟಕ್ಕೆಂದು ತಟ್ಟಿದರು. ಅದಕ್ಕೂ ಚೀರಿದೆ. “ಇದು ತಟ್ಟೆ” ಅಂದರು. ತಣ್ಣನೆಯ ಹತ್ತಿ ಮುಟ್ಟಿಸಿ ನೋಡುತ್ತೇನೆಂದು ಚಿಮುಟದಲ್ಲಿ ಹಿಡಿದು ತಂದಾಗ ಕುರ್ಚಿಯಿಂದ ಅರ್ಧ ಎದ್ದುನಿಂತು, ಜಗತ್ತಿನ ಸಮಸ್ತ ಪಾಪಿಗಳನ್ನೂ ಸಾಕ್ಷಿಗೆ ಕರೆದೆ. “ಇನ್ನೂ ತಣ್ಣಗೆ ಮಾಡಿಲ್ಲ ಯಜಮಾನ್ರೇ, ಒಣ ಹತ್ತಿ ಇದು” ಅಂದರು. ಹೊರಗೆ ಬೆಂಚಿನ ಮೇಲೆ ಕಾಯುತ್ತಿದ್ದವರಲ್ಲಿ ಒಬ್ಬರು ತಮ್ಮ ಹಲ್ಲು ತಾನಾಗಿ ವಾಸಿಯಾಯಿತೆಂದು ಹೇಳಿ ಮನೆಗೆ ಹೋದರಂತೆ.

ಆಮೇಲೆ ಬಲಗಡೆಯನ್ನೂ ಒಮ್ಮೆ ನೋಡಿಬಿಡೋಣವೆಂದು ಅವರು ಕೆಳದವಡೆಯ ಹಿಂದಿನ ಹಲ್ಲೊಂದನ್ನು ತಟ್ಟಿದರು. ಆಹಾ, ಅದೇನೆಂದು ಹೇಳಲಿ! ಉಸಿರು ಒಳಗೇ ನಿಂತಿತು. ಕೈಕಾಲು ಮರಗಟ್ಟಿದವು. ಬಾಯಿ ತೆರೆದದ್ದು ತೆರೆದಂತೆಯೇ ಇತ್ತು, ಸ್ವರವೇ ಹೊರಡಲಿಲ್ಲ. ಡಾಕ್ಟರಮ್ಮ ನನ್ನ ಮುಖವನ್ನು ನೋಡಿ, “ಸದ್ಯ, ಇಲ್ಲೇನೂ ನೋವಿಲ್ಲ” ಎಂದು ನಿಟ್ಟುಸಿರು ಬಿಟ್ಟು ಮತ್ತೆ ಎಡಗಡೆಗೆ ತಿರುಗಿದರು. ಮೂಲೆಯ ಕುರ್ಚಿಯಲ್ಲಿ ಕೂತಿದ್ದ ಮನೆಯಾಕೆ ಮಾತ್ರ ಕೈಯಲ್ಲಿದ್ದ ಚೀಲವನ್ನು ಕೆಳಗಿಟ್ಟು, “ಅಮ್ಮಾ, ಇವರು ಸುಮ್ಮನಾದ ಕಡೆ ಒಂದ್ಸಲ ಸರಿಯಾಗಿ ನೋಡ್ತೀರಾ?” ಅಂದಳು. ಡಾಕ್ಟರಮ್ಮ ನನ್ನನ್ನು ನೋಡಿದರು, ಆಕೆಯನ್ನು ನೋಡಿದರು, ತಟ್ಟೆಯನ್ನೂ ನೋಡಿದರು. “ನನಗೆ ಇನ್ನು ಯಾರನ್ನೂ ನಂಬೋಕೆ ಆಗ್ತಿಲ್ಲ. ಮೊದಲು ಎಕ್ಸ್‌-ರೇ ಆಗಲಿ” ಅಂದರು. ಹೀಗೆ, ಮಹಾಪ್ರಭು, ನಾನು ತಮ್ಮ ಆಸ್ಥಾನಕ್ಕೆ ಬಂದೆ.

ತಮ್ಮನ್ನು ನಡೆಸುವ ಅಣ್ಣನವರ ಹೆಸರನ್ನು ನಾನು ಕೇಳಲಿಲ್ಲ. ಅವರ ಬಾಯಲ್ಲಿ ಬರುತ್ತಿದ್ದುದು ಒಂದೇ ಮಾತಾದ್ದರಿಂದ ಅವರನ್ನು ಅಲ್ಲಾಡ್ಬೇಡಿಯವರು ಎಂದೇ ಕರೆಯುತ್ತೇನೆ. ಅವರು ನನಗೆ ಸೀಸದ ಭಾರವಾದ ಮೇಲಂಗಿ ತೊಡಿಸಿದರು. ಬಹಳ ದಿನಗಳ ನಂತರ ತೂಕದ ಕವಚ ಸಿಕ್ಕಿತೆಂದು ಎದೆ ಉಬ್ಬಿತು. ಗದ್ದವನ್ನು ತಮ್ಮ ಮೈಯಿಂದ ಚಾಚಿದ ಒಂದು ಪುಟ್ಟ ಮೆಟ್ಟಿಲಿನ ಮೇಲೆ ಇಡಿಸಿ, ಮುಂದಿನ ಹಲ್ಲುಗಳಿಂದ ಒಂದು ಕಡ್ಡಿ ಕಚ್ಚಿಸಿ, ಎರಡು ಹಿಡಿಗಳನ್ನು ಕೈಗೆ ಕೊಟ್ಟು “ಅಲ್ಲಾಡ್ಬೇಡಿ” ಎಂದು ಹೇಳಿ ಬಾಗಿಲ ಹಿಂದೆ ಮಾಯವಾದರು. ತಾವು ಗುಂಯ್ ಎನ್ನುತ್ತ ಚಲಿಸತೊಡಗಿದಿರಿ. ತಮ್ಮ ಮೈಮೇಲಿನ ಪುಟ್ಟ ದೀಪ ನನ್ನ ಕಿವಿಯ ಬಳಿ ಸುಳಿಯಿತು. ಇನ್ನು ತಡೆಯುವವರು ಯಾರು! ಬೆಳಕು ಎತ್ತ ಹೋಗುತ್ತದೋ ಮುಖ ಅತ್ತ ಹೋಗಬೇಕೆಂಬುದು ನನ್ನ ರಕ್ತದಲ್ಲೇ ಇದೆ. ತಾವು ತಿರುಗಿದಂತೆಲ್ಲ ನಾನೂ ತಿರುಗಿದೆ, ಎಡಗೆನ್ನೆಯನ್ನು ತಮಗೇ ಮೀಸಲಾಗಿ ಹಿಡಿದು, ಕಡ್ಡಿ ಕಚ್ಚಿಕೊಂಡೇ ಒಂದು ನಿಟ್ಟುಸಿರು ಬಿಟ್ಟೆ. ಚಿತ್ರ ಬಂದಾಗ ಅದರಲ್ಲಿ ನನಗೆ ಒಂದೂವರೆ ದವಡೆ, ಎರಡು ಮೂಗು; ಹಲ್ಲುಗಳು ಗಾಳಿಗೆ ಸಿಕ್ಕ ಧ್ವಜದಂತೆ ಅಲೆಅಲೆಯಾಗಿ ಹಾರುತ್ತಿದ್ದವು. ನನಗಂತೂ ಚೆನ್ನಾಗಿಯೇ ಕಂಡಿತು, ಚಲನೆಯಿತ್ತು. ಆದರೆ ಅಲ್ಲಾಡ್ಬೇಡಿಯವರ ಸಹನೆ ಮುಗಿದಿತ್ತು. “ಯಜಮಾನ್ರೇ, ಇದು ಫೋಟೋ ಸ್ಟುಡಿಯೋ ಅಲ್ಲ. ಇದಕ್ಕೆ ನಿಮ್ಮ ಮುಖ ಬೇಕಾಗಿಲ್ಲ. ಮೂಳೆ ಬೇಕು. ಅಲ್ಲಾಡ್ಬೇಡಿ!”

ಮುಖ ಬೇಕಾಗಿಲ್ಲ! ಚಕ್ರವರ್ತಿಗೆ ಇದಕ್ಕಿಂತ ದೊಡ್ಡ ಅವಮಾನ ಉಂಟೇ? ಮುಖವೇ ಬೇಡವೆಂದ ಮೇಲೆ ನಾನು ಮಾಡುವುದಾದರೂ ಏನಿತ್ತು. ಕಡ್ಡಿ ಕಚ್ಚಿದೆ. ಎದುರಿನ ಬಿಳಿಗೋಡೆ ನೋಡುತ್ತ ನಿಂತೆ. ತಾವು ನನ್ನ ಹಿಂದಿನಿಂದ ಸುತ್ತಿಬಂದಿರಿ, ನಾನು ತಮ್ಮನ್ನು ಹಿಂಬಾಲಿಸಲಿಲ್ಲ. ಅಷ್ಟು ಹೊತ್ತು ನಾನು ರಾಜನೂ ಅಲ್ಲ, ರೋಗಿಯೂ ಅಲ್ಲ, ಗದ್ದ ಊರಿ ನಿಂತ ಒಂದು ತಲೆ, ಅಷ್ಟೇ. ಹಲ್ಲು ಮಾತ್ರ ಒಳಗೆ ತನ್ನ ಪಾಡಿಗೆ ತಾನು ಮಿಡಿಯುತ್ತಿತ್ತು, ಮತ್ತು ಅದು ಬಲಗಡೆ ಎಂದು ನನಗೆ ಆಗ ತಿಳಿಯಿತು.

ಬಾಯಿಬಿಟ್ಟರೆ ಬಣ್ಣಗೇಡು ಎಂಬ ಮಾತನ್ನು ಕೇಳಿದ್ದೆ. ಬಾಯಿ ಮುಚ್ಚಿದರೂ ಬಣ್ಣಗೆಡಿಸುವ ತಮ್ಮ ಶಕ್ತಿಗೆ ಏನೆನ್ನಲಿ! ಡಾಕ್ಟರಮ್ಮ ತಮ್ಮ ಎರಡನೆಯ ಚಿತ್ರವನ್ನು ತೆರೆಯ ಮೇಲೆ ಮೂಡಿಸಿ ಬೆರಳಿಟ್ಟು ತೋರಿಸಿದರು. ನಾನು ಅಷ್ಟೊಂದು ಬೆವರು ಸುರಿಸಿ ಅಭಿನಯಿಸಿದ ಎಡಗಡೆ ಏನಿತ್ತು? ಏನೂ ಇಲ್ಲ. ಸಾಲಾಗಿ ನಿಂತ, ಒಂದು ಚುಕ್ಕೆಯೂ ಇಲ್ಲದ, ನಾಚಿಕೆಯಾಗುವಷ್ಟು ಆರೋಗ್ಯವಂತ ಹಲ್ಲುಗಳು. ಬಲಗಡೆ, ನಾನು ತುಟಿಪಿಟಕ್ಕೆನ್ನದ ಆ ದವಡೆಹಲ್ಲಿನಲ್ಲಿ, ಯಾವಾಗಲೋ ತುಂಬಿಸಿದ ಸಿಮೆಂಟಿನ ಕೆಳಗೆ ಹುಳುಕು ಗುಟ್ಟಾಗಿ ಸುರಂಗ ಕೊರೆದುಕೊಂಡು ನರದವರೆಗೂ ಇಳಿದಿತ್ತು. ಬೇರಿನ ತುದಿಯಲ್ಲಿ ಕೀವು ಕಟ್ಟಿದ್ದರ ಗುರುತಾಗಿ ಸಣ್ಣ ಮಣಿಯಂಥ ಕಪ್ಪು ನೆರಳು. “ಈ ಹಲ್ಲಿನಲ್ಲಿ ಇಷ್ಟು ದಿನ ಹೇಗೆ ತಡ್ಕೊಂಡ್ರಿ?” ಎಂದು ಡಾಕ್ಟರಮ್ಮ ಕೇಳಿದರು. ನಾನು ತಡೆದುಕೊಂಡಿರಲಿಲ್ಲವೆಂಬುದಕ್ಕೆ ಅವರ ಬೆಂಚಿನ ಮೇಲಿನವರೆಲ್ಲ ಸಾಕ್ಷಿ. ತಡೆದುಕೊಳ್ಳದೆ ಕೂಗಿದ್ದು ತಪ್ಪು ಕೆನ್ನೆ ಹಿಡಿದು, ಅಷ್ಟೇ. ನನ್ನ ಮಾತು ನಂಬಿ ಎಡಗಡೆಯ ಹಲ್ಲನ್ನು ಕಿತ್ತಿದ್ದರೆ ಅದು ನಿರಪರಾಧಿಯ ಶಿರಚ್ಛೇದವಾಗುತ್ತಿತ್ತು. ಅಂಥದ್ದು ರಾಜನಾದ ನನಗೆ ರಂಗದ ಮೇಲೆ ಹೊಸದಲ್ಲವಾದರೂ ಸ್ವಂತ ಬಾಯಲ್ಲಿ ಬೇಡವಾಗಿತ್ತು. ಇಷ್ಟರ ಮಟ್ಟಿಗೆ ತಮಗೆ ಕೃತಜ್ಞ. ಇಲ್ಲಿಗೆ ನಿಲ್ಲಿಸಿದ್ದರೆ ಈ ಪತ್ರ ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ.

ಆದರೆ ಕೇಳದಿದ್ದದ್ದನ್ನೂ ಹೇಳುವ ಚಟ ತಮಗೆ! ಚಿತ್ರದ ನಟ್ಟನಡುವೆ, ಮೇಲಿನ ಮುಂಬಲ್ಲುಗಳ ಬೇರುಗಳ ನಡುವೆ, ಮೂಳೆಯೊಳಗೆ ಹುದುಗಿಕೊಂಡು, ತಲೆಕೆಳಗಾಗಿ, ಒಂದು ಪುಟಾಣಿ ಹಲ್ಲು ಮಲಗಿತ್ತು. “ನಿಮಗೆ ಒಂದು ಹಲ್ಲು ಹೆಚ್ಚಿಗೆ ಇದೆ” ಅಂದರು ಡಾಕ್ಟರಮ್ಮ. “ಕೆಲವರಿಗೆ ಹೀಗಾಗುತ್ತೆ. ಹುಟ್ಟುವಾಗಲೇ ಅದರ ಮೊಳಕೆ ಇರುತ್ತೆ. ಹೊರಗೆ ಬರೋದೇ ಇಲ್ಲ. ಆದರೆ ಅಕ್ಕಪಕ್ಕದವನ್ನ ದೂರ ತಳ್ಳಿಬಿಡುತ್ತೆ. ಮುಂದಿನ ಹಲ್ಲಿನ ನಡುವೆ ಸಂದು ಅದರಿಂದಾನೇ.” ಅದು ಗದೆಯ ಏಟಿನಿಂದ ಆದದ್ದು ಎಂದು ಗುಡುಗಿದೆ. ಮನೆಯಾಕೆ ಮೂಲೆಯಿಂದ ಮೆಲ್ಲಗೆ ಎತ್ತಿಕೊಟ್ಟಳು: “ನಮ್ಮ ಮದುವೆ ಫೋಟೋದಲ್ಲೂ ಆ ಸಂದಿದೆ. ಗದೆ ಏಟು ಬಿದ್ದಿದ್ದು ಆಮೇಲೆ.” ಹಾಗಾದರೆ ಇಷ್ಟು ವರ್ಷ ಏಕೆ ಹೇಳಲಿಲ್ಲವೆಂದು ಕೇಳಿದ್ದಕ್ಕೆ, “ನೀವು ಆ ಕಥೆನ ಅಷ್ಟು ಚೆನ್ನಾಗಿ ಹೇಳ್ತಿದ್ರಿ” ಅಂದಳು.

ಮಾನ್ಯರೇ, ಹಗೆತನವೆಂದರೆ ಸಾಮಾನ್ಯ ಆಸ್ತಿಯೇ? ಅದನ್ನು ದಿನವೂ ತೊಳೆದು, ಒರೆಸಿ, ಹೊಳಪು ಕೊಟ್ಟು ಕಾಪಾಡಿಕೊಂಡು ಬಂದಿದ್ದೆ. ಒಂದೇ ಕನ್ನಡಿಯ ಮುಂದೆ ಕೂತು ಪಿಸುಮಾತಿನ ಮುಖ ನೋಡದೆ ಮೀಸೆ ಅಂಟಿಸಿಕೊಳ್ಳುವುದು ಎಷ್ಟು ಕಷ್ಟದ ವಿದ್ಯೆಯೆಂದು ತಮಗೇನು ಗೊತ್ತು? ಅಂಥ ಹಗೆತನದ ಬುಡವನ್ನೇ ತಾವು ಒಂದು ಸುತ್ತು ತಿರುಗಿ ಕಿತ್ತುಹಾಕಿದಿರಿ. ಅವನು ನಿರ್ದೋಷಿಯಂತೆ! ಅಪರಾಧಿ ನನ್ನ ತಲೆಯೊಳಗೇ ತಲೆಕೆಳಗಾಗಿ ಮಲಗಿದ್ದಾನಂತೆ! ಇನ್ನು ನಾನು ಮಾತು ಬಿಡುವುದು ಯಾರೊಂದಿಗೆ?

ಚಿಕಿತ್ಸೆಯ ವರ್ಣನೆಯಿಂದ ತಮ್ಮನ್ನು ಬೇಸರಪಡಿಸುವುದಿಲ್ಲ. ಸೂಜಿಮದ್ದಿನಿಂದ ಬಲದವಡೆಯನ್ನು ಮಲಗಿಸಿ, ಹುಳುಕನ್ನು ಕೊರೆದು ತೆಗೆದು, ಕೂದಲಿನಂಥ ಸಣ್ಣ ಕಡ್ಡಿಗಳಿಂದ ಬೇರಿನೊಳಗಿನ ಕೊಳೆಯನ್ನು ಕೆರೆದು ತೊಳೆದು, ಮದ್ದಿಟ್ಟು, ಬಾಗಿಲು ಹಾಕಿ, ಮುಂದಿನ ವಾರ ಮತ್ತೆ ತೆರೆಯುತ್ತೇನೆಂದರು. ಹಲ್ಲು ಉಳಿಯುತ್ತದೆ, ಎಲ್ಲ ಮುಗಿದ ಮೇಲೆ ಅದಕ್ಕೊಂದು ಟೋಪಿ ಹಾಕಬೇಕು ಅಂದರು. ಟೋಪಿಯಲ್ಲ, ಕಿರೀಟ ಎಂದು ತಿದ್ದಿದೆ. ಹೆಚ್ಚುವರಿ ಹಲ್ಲಿನಿಂದ ಸದ್ಯಕ್ಕೆ ತೊಂದರೆಯಿಲ್ಲ, ಅದನ್ನು ಎಬ್ಬಿಸುವುದು ಬೇಡ, ಆಗಾಗ ತಮ್ಮ ಮುಂದೆ ಬಂದು ನಿಂತು ಅದರ ಮೇಲೆ ಕಣ್ಣಿಟ್ಟಿದ್ದರೆ ಸಾಕು ಎಂದರು. ಎಲ್ಲ ಸರಿ. ಆದರೆ ಮನೆಗೆ ಬರುವ ದಾರಿಯಲ್ಲಿ ನನ್ನಾಕೆ ತಮ್ಮ ಚಿತ್ರವನ್ನು ಬೆಳಕಿಗೆ ಹಿಡಿದು ನೋಡುತ್ತ ನಡೆದವಳು, ಅಕ್ಕನ ಮಗಳು ಎದುರಾದ ಕೂಡಲೇ ನಡುಬೀದಿಯಲ್ಲೇ ಹೇಳಿದಳು: “ನೋಡಮ್ಮ, ಜನಕ್ಕೆಲ್ಲ ಇವರ ಎಡಗೆನ್ನೆ. ನಾನು ಪರದೆ ಹಿಂದಿಂದ ಸಂಸಾರ ಮಾಡಿದ್ದು ಈ ಬಲಗೆನ್ನೆ ಜೊತೆ. ಇದು ಒಂದು ದಿನಾನೂ ನಟನೆ ಮಾಡಿಲ್ಲ.” ಅಕ್ಕನ ಮಗಳು ನನ್ನ ಬಲಗೆನ್ನೆಯನ್ನು ಬಹಳ ಹೊತ್ತು ನೋಡಿದಳು. ಸರಸರನೆ ಸಭಾಂಗಣದ ಕಡೆ ಹೊರಟುಹೋದಳು. ಆಗಲೇ ನನಗೆ ಅನುಮಾನ ಬರಬೇಕಿತ್ತು.

ಶನಿವಾರ ಬಂತು. ಮೂರು ಅಂಕ ಗುಡುಗಿದೆ. ಮಗನನ್ನು ಹೊರದೂಡಿದಾಗ ಛಾವಣಿಯ ಧೂಳು ಉದುರಿ, ಚಪ್ಪಾಳೆ ಎದ್ದಿತು. ಕೊನೆಯ ದೃಶ್ಯಕ್ಕೆ ಪರದೆಯ ಮರೆಯಲ್ಲಿ ರಂಗಕ್ಕೆ ಬಂದು ನೋಡುತ್ತೇನೆ, ಸಿಂಹಾಸನ ತನ್ನ ಜಾಗದಲ್ಲೇ ಇಲ್ಲ! ರಂಗದ ಆಚೆ ಮಗ್ಗುಲಿಗೆ ಸರಿಸಿ, ತಿರುಗಿಸಿ ಇಟ್ಟಿದ್ದಾಳೆ ಮಹಾರಾಯ್ತಿ! ಅಲ್ಲಿ ಕೂತರೆ ಎಡಗೆನ್ನೆ ಹಿಂದಿನ ಪರದೆಗೆ. ಬಲಗೆನ್ನೆ, ಒಂದು ಅಕ್ಷರ ಪಾಠ ಕಲಿಯದ ಬಲಗೆನ್ನೆ, ಇಡೀ ಸಭೆಗೆ. ಕೂಗಾಡುವಷ್ಟರಲ್ಲಿ ಪರದೆ ಎದ್ದಿತು.

ದೂತ ಬಂದ. ಮಗ ಸತ್ತನೆಂದ. ಹೋದ. ಎದೆಯೊಳಗೆ ಆ ‘ಹಾ’ ಏಳತೊಡಗಿತು. ಎಂಥ ‘ಹಾ’! ಅದರ ಬಲದಲ್ಲಿ ಮೂರು ಊರು ಎಬ್ಬಿಸಬಹುದಿತ್ತು. ಕೈಯೂ ತಾನಾಗಿ ಎಡಗೆನ್ನೆಯ ಕಡೆ ಹೊರಟಿತು, ಕಣ್ಣೂ ಅತ್ತ ಹೊರಳಿತು, ಮತ್ತು ಅಲ್ಲಿ, ಹಿಂದಿನ ಪರದೆಯ ಸೀಳಿನಲ್ಲಿ, ಮನೆಯಾಕೆ ಕಂಡಳು. ಈ ದೃಶ್ಯದಲ್ಲಿ ಎತ್ತಿಕೊಡಲು ಆಕೆಗೆ ಒಂದು ಮಾತೂ ಇರಲಿಲ್ಲ. ಆದರೂ ನಿಂತಿದ್ದಳು. ಅಷ್ಟು ವರ್ಷ ನನ್ನ ಒಂದೇ ಕೆನ್ನೆ ನೋಡಿದವಳು ಈಗ ಇನ್ನೊಂದನ್ನು ನೋಡುತ್ತ, ತುಟಿಯಲ್ಲೇ, ಸ್ವರವಿಲ್ಲದೆ, ಒಂದು ಮಾತು ಎತ್ತಿಕೊಟ್ಟಳು: “ಅಲ್ಲಾಡ್ಬೇಡಿ.”

ಕೈ ಅರ್ಧದಲ್ಲೇ ನಿಂತು ಮಡಿಲಿಗಿಳಿಯಿತು. ಗದ್ದ ತಮ್ಮ ಮೆಟ್ಟಿಲನ್ನು ನೆನೆಯಿತು. ಇಲ್ಲದ ಕಡ್ಡಿಯನ್ನು ಕಚ್ಚಿದೆ. ಎದುರು ನೋಡುತ್ತ ಕೂತೆ. ಅರ್ಧ ವಾಸಿಯಾದ ಹಲ್ಲು ಬಲಗಡೆ ತನ್ನ ಪಾಡಿಗೆ ತಾನು ಮಿಡಿಯುತ್ತಿತ್ತು. ಅದರ ಮೇಲಿನ ಕೆನ್ನೆಯ ಒಂದು ನರವೂ ಅದರೊಂದಿಗೆ ಮಿಡಿಯುತ್ತಿತ್ತಂತೆ, ನನಗೆ ಗೊತ್ತಿಲ್ಲ, ಅದನ್ನು ನಾನು ಮಾಡುತ್ತಿರಲಿಲ್ಲ. ಸಭೆಯಲ್ಲಿ ಯಾರೋ ಕೆಮ್ಮಲು ಹೋಗಿ ಬಿಟ್ಟರು. ಪರದೆ ಬಿತ್ತು. ಚಪ್ಪಾಳೆಗೆ ಕಾದೆ. ಬರಲಿಲ್ಲ. ಇನ್ನೂ ಕಾದೆ. ಜನ ಎದ್ದು, ಕುರ್ಚಿ ಸದ್ದಾಗದಂತೆ ಸರಿಸಿ, ಮೂಗು ಒರೆಸಿಕೊಂಡು, ಸಾವಿನ ಮನೆಯಿಂದ ಹೊರಟವರ ಹಾಗೆ ಹೊರಟುಹೋದರು. ಅಕ್ಕನ ಮಗಳು ಬಂದು ನನ್ನ ರಾಜವಸ್ತ್ರದ ಸೆರಗಿನಲ್ಲಿ ಮೂಗು ಸೀಟಿಕೊಂಡಳು. ಆಗ ರಂಗದ ಪಕ್ಕದ ಮರೆಯಿಂದ “ಭಲೇ!” ಎಂದು ಒಂದು ಸಿಂಹಗರ್ಜನೆ ಕೇಳಿತು. ತಿರುಗಿ ನೋಡಿದರೆ ಪಿಸುಮಾತು! ಜೀವಮಾನದಲ್ಲಿ ಮೊದಲ ಸಲ ಕಟ್ಟಕಡೆಯ ಸಾಲಿಗೆ ಮುಟ್ಟುವಂತೆ ಕೂಗಿದ್ದಾನೆ, ಅದೂ ಕಟ್ಟಕಡೆಯ ಸಾಲು ಖಾಲಿಯಾದ ಮೇಲೆ.

ಈಗ ನನ್ನ ಬೇಡಿಕೆಗಳನ್ನು ಆಲಿಸುವ ಕೃಪೆಯಾಗಲಿ. ಬೋಲ್ಟುಗಳನ್ನು ಬಿಚ್ಚಿಸಿಕೊಂಡು ಮುಂದಿನ ಆಟಕ್ಕೆ ದಯಮಾಡಿಸಬೇಕು. ಮೊದಲ ಸಾಲಿನಲ್ಲಿ ಎರಡು ಕುರ್ಚಿ ತಮಗೆ, ಒಂದು ಅಲ್ಲಾಡ್ಬೇಡಿಯವರಿಗೆ ಮೀಸಲಿಡುತ್ತೇನೆ. ಮೂರನೆಯ ಅಂಕದಲ್ಲಿ ನಾನು ಎಡಗೆನ್ನೆ ಹಿಡಿದು ನಿಟ್ಟುಸಿರು ಬಿಡುವಾಗ ತಾವು ನಾಚಿಕೆ ಬಿಟ್ಟು ತಮ್ಮೆರಡು ತೋಳುಗಳನ್ನು ಒಂದಕ್ಕೊಂದು ತಾಗಿಸಿ ಸದ್ದು ಮಾಡಬೇಕು. ಹೋದ ಶನಿವಾರದ ಚಪ್ಪಾಳೆಯನ್ನು ಅಲ್ಲಿದ್ದವರೆಲ್ಲರ ಮನೆಬಾಗಿಲಿಗೂ ಹೋಗಿ ವಸೂಲು ಮಾಡಿ ನನಗೆ ಮುಟ್ಟಿಸಬೇಕು. ಹಗೆತನವನ್ನು ಮಾತ್ರ ಹಿಂದಿರುಗಿಸುವುದು ಬೇಡ. ನಿನ್ನೆ ಮೀಸೆ ಅಂಟಿಸುವಾಗ ಪಿಸುಮಾತು ಗೋಂದಿನ ಬಾಟಲಿಯನ್ನು ನನ್ನ ಕಡೆ ಸರಿಸಿದ, ನಾನು ತೆಗೆದುಕೊಂಡುಬಿಟ್ಟೆ. ಆಗಿಹೋದ ಮಾತು. ತಲೆಕೆಳಗಾಗಿ ಮಲಗಿರುವ ಆ ಪುಟ್ಟ ಹಲ್ಲಿಗೆ ಮಾತ್ರ ತಾವೇ ಬುದ್ಧಿ ಹೇಳಬೇಕು: ಹುಟ್ಟಿದಂದಿನಿಂದ ನಾಟಕದವನ ಬಾಯಲ್ಲಿದ್ದೂ ಒಮ್ಮೆಯೂ ರಂಗಕ್ಕೆ ಬಾರದೆ ಒಳಗೇ ಇದ್ದುಬಿಡುವುದು ನಮ್ಮ ಮನೆತನಕ್ಕೆ ಶೋಭೆಯಲ್ಲ.

ರಾಜನ ಪಾತ್ರ ನನ್ನದೇ ಎಂದು ಅಕ್ಕನ ಮಗಳು ಸಾರಿದ್ದಾಳೆ. ಆದರೆ ಸಿಂಹಾಸನ ಇನ್ನು ಆಚೆ ಮಗ್ಗುಲಲ್ಲೇ ಇರುತ್ತದಂತೆ. ಗೆದ್ದವನು ಸೋತ, ಸೋತವನು ಸತ್ತ ಎನ್ನುತ್ತಾರಲ್ಲ, ನಾನು ಎರಡೂ ಆಗಿ ಬದುಕಿದ್ದೇನೆ.

ಈ ವಾರವೇ ಗದ್ದವನ್ನು ತಮ್ಮ ಮೆಟ್ಟಿಲಿಗೆ ಒಪ್ಪಿಸಲಿರುವ, ಅಲ್ಲಾಡದೆಯೂ ಗುಡುಗಬಲ್ಲ,

ತಮ್ಮ ವಿಶ್ವಾಸಿ,
ಖಾಯಂ ಚಕ್ರವರ್ತಿ

ಹಿಂಬರಹ: ನಮ್ಮ ನಡುಮನೆಯ ಗೋಡೆಯ ಮೇಲೆ ಕಿರೀಟ ಧರಿಸಿ ಎಡಗೆನ್ನೆ ತೋರುವ ನನ್ನದೊಂದು ದೊಡ್ಡ ಭಾವಚಿತ್ರವಿತ್ತು. ಈ ದಿನ ಬೆಳಗ್ಗೆ ಮನೆಯಾಕೆ ಅದನ್ನು ಇಳಿಸಿ, ಅದೇ ಮೊಳೆಗೆ ತಮ್ಮ ಚಿತ್ರವನ್ನು ಕಟ್ಟು ಹಾಕಿಸಿ ತೂಗುಹಾಕಿದ್ದಾಳೆ. “ಇದೊಂದರಲ್ಲೇ ನೀವು ನೀವಾಗಿ ಬಂದಿರೋದು” ಎಂದು ಅವಳ ವಾದ. ಬಂದವರೆಲ್ಲ ಯಾರಿದು ಎಂದು ಕೇಳುತ್ತಾರೆ. ಅವಳು ನನ್ನ ಕಡೆ ಬೆರಳು ತೋರಿಸುತ್ತಾಳೆ. ತಮಗೆ ಕೊಂಚವಾದರೂ ಮಾನಮರ್ಯಾದೆ ಇದ್ದರೆ, ಇನ್ನು ಮುಂದೆ ತೆಗೆಯುವ ಚಿತ್ರಗಳಲ್ಲಿ ದವಡೆಯ ಮೇಲೆ ಒಂದು ಮೀಸೆಯನ್ನಾದರೂ ಮೂಡಿಸಿ.